ನಾಗಶ್ರೀ ಕೆನ್ನೆ ಮೇಲಿನ ಕಲೆ

ಊರಲ್ಲಿ ಒಬ್ಬ ಹೆಂಗಸಿನ ಮುಖದ ಮೇಲೆ ಕಲೆ ಕಂಡರೆ ಸಾಕು, ಕಥೆ ಕಟ್ಟುವವರಿಗೆ ಬರವಿಲ್ಲ. ಅವಳ ಪಕ್ಕ ಕೂತು ಸಮಾಧಾನವಾಗಿ ಕೇಳುವವರಿಗೆ ಮಾತ್ರ ಬರ. ನಾನು ರಂಜಿತ, ಕೊತ್ತತ್ತಿಯ ಆಶಾ ಕಾರ್ಯಕರ್ತೆ. ಹನ್ನೆರಡು ವರ್ಷದಿಂದ ಈ ಊರಿನ ಮನೆಮನೆ ತಿರುಗುತ್ತಿದ್ದೇನೆ. ಈ ಸಲ ಕಥೆ ಕಟ್ಟಿದವರಲ್ಲಿ ನಾನೂ ಒಬ್ಬಳು. ಅದನ್ನು ಮೊದಲೇ ಒಪ್ಪಿಕೊಂಡು ಮುಂದಿನದನ್ನು ಹೇಳುತ್ತೇನೆ.

ಅವತ್ತು ಸೋಮವಾರ. ಹಾಲಿನ ಡೈರಿ ಮುಂದೆ ಕ್ಯಾನು ಹಿಡಿದು ನಿಂತ ಹೆಂಗಸರು ಗುಸುಗುಸು ಅನ್ನುತ್ತಿದ್ದರು. ನಾಗಶ್ರೀ ತಲೆ ತುಂಬ ಸೆರಗು ಎಳೆದುಕೊಂಡು ಬಂದು, ಹಾಲು ಹಾಕಿ, ಯಾರ ಮುಖವನ್ನೂ ನೋಡದೆ ಹೊರಟುಹೋಗಿದ್ದಳು. ಸೆರಗು ಒಂದು ಗಳಿಗೆ ಸರಿದಾಗ ಎರಡೂ ಕೆನ್ನೆಯ ಮೇಲೆ ನೇರಳೆ ಬಣ್ಣದ ಗೆರೆಗಳು ಕಂಡವಂತೆ.

“ಏನಾಯ್ತವ್ವ ಮಕಕ್ಕೆ ಅಂದ್ರೆ ಬಾಗ್ಲು ತಗುಲ್ತು ಅಂದ್ಲು ಕಣಕ್ಕ,” ಎಂದಳು ಅವಳ ಪಕ್ಕದ ಮನೆಯ ಮಲ್ಲಿಗಮ್ಮ. “ಎಲ್ಡು ಕೆನ್ನೆಗೂ ತಗುಲಾಕೆ ಅದ್ಯಾವ್ ಸೀಮೆ ಬಾಗ್ಲು? ಅಂಬರೀಸನ ಕೈ ಕಣಕ್ಕ ಅದು.”

ಅಂಬರೀಶ್ ನಾಗಶ್ರೀಯ ಗಂಡ. ಎಮ್ಮೆಗೂ ಜೋರು ಮಾಡದ ಸಾಧು ಮನುಷ್ಯ. ಆದರೆ ಹೊರಗೆ ಸಾಧುವಾಗಿದ್ದು ಒಳಗೆ ಕೈ ಎತ್ತುವವರನ್ನೂ ನಾನು ನೋಡಿದ್ದೇನೆ. “ಬಾಗಿಲು ತಗುಲಿತು” ಎಂಬ ಮಾತನ್ನಂತೂ ಎಷ್ಟು ಮನೆಗಳಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಅವನೇ ಹೊಡೆದಿದ್ದಾನೆ ಎಂದು ನಾನೂ ಮನಸ್ಸಿನಲ್ಲೇ ತೀರ್ಪು ಕೊಟ್ಟುಬಿಟ್ಟೆ.

ಮಲ್ಲಿಗಮ್ಮ ಅಷ್ಟಕ್ಕೇ ಸುಮ್ಮನಾಗಲಿಲ್ಲ. ಪೂರಿಗಾಲಿಯಲ್ಲಿರುವ ನಾಗಶ್ರೀಯ ಅಣ್ಣ ಯತೀಶನಿಗೆ ಫೋನು ಮಾಡಿದಳು. “ಸಂಜೆಗೆ ಬತ್ತೀನಿ, ನನ್ ತಂಗಿನ ಕರ್ಕೊಂಡೇ ಓಯ್ತೀನಿ,” ಎಂದನಂತೆ ಅವನು.

ಮಧ್ಯಾಹ್ನ ನಾನು ಅವರ ಮನೆಗೆ ಹೋದೆ. ಅತ್ತೆ ಸಣ್ಣತಾಯಮ್ಮ ಜಗಲಿ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದಳು. ನಮ್ಮೂರಿನ ಅರ್ಧ ಮಕ್ಕಳಿಗೆ ಎಣ್ಣೆ ಹಚ್ಚಿ ನೀರು ಹಾಕಿದ ಕೈ ಅವಳದು. ಬಾಣಂತಿ ಇರುವ ಮನೆಯಲ್ಲಿ ಬೆಳಿಗ್ಗೆ ಸಣ್ಣತಾಯಮ್ಮ ಇರಲೇಬೇಕು. ಅವತ್ತು ಅವಳ ಮುಖ ಸಪ್ಪಗಾಗಿತ್ತು.

“ನನ್ ಮಗ ಒಡೆದಿದ್ರೆ ನಾನೇ ಅವ್ನ ಕೈ ಮುರೀತಿದ್ದೆ ಕಣ್ ರಂಜಿತಮ್ಮ,” ಎಂದಳು. “ಇವ್ಳು ಬಾಯೇ ಬುಡ್ತಾ ಇಲ್ಲ. ಅವ್ನು ಬೆಳಗ್ಗೆಯಿಂದ ಒಂದು ತುತ್ತು ಉಂಡಿಲ್ಲ.”

ಅಂಬರೀಶ್ ಕೊಟ್ಟಿಗೆಯ ಹತ್ತಿರ ಸುಮ್ಮನೆ ನಿಂತಿದ್ದ. “ನಾನು ಮುಟ್ಟಿಲ್ಲ ಅಕ್ಕ. ಅವ್ಳನ್ನೇ ಕೇಳಿ,” ಎಂದ. ನಿಜ ಹೇಳಬೇಕೆಂದರೆ, ನಾನು ನಂಬಲಿಲ್ಲ.

ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿ ನಾಗಶ್ರೀಯ ಪಕ್ಕ ಕೂತೆ.

“ನಾಗಶ್ರೀ, ಇಲ್ಲಿ ನಾವಿಬ್ಬರೇ ಇರೋದು. ನಿನ್ ಗಂಡ ಒಡೆದ್ನಾ? ಎದ್ರಿಕೊಬೇಡ. ಮಹಿಳಾ ಸಹಾಯವಾಣಿ ಅದೆ, 181. ಈಗ್ಲೇ ಫೋನ್ ಮಾಡಣ. ನಾನ್ ನಿನ್ ಜೊತೇಲೇ ಇರ್ತೀನಿ.”

ಅವಳು ಕಣ್ಣಗಲಿಸಿ ನನ್ನನ್ನು ನೋಡಿದಳು. ಆಮೇಲೆ ಬಿಕ್ಕಿ ಬಿಕ್ಕಿ ಅತ್ತಳು. ಅಳುತ್ತಲೇ ಎದ್ದು ಹೋಗಿ ಅಕ್ಕಿ ಡಬ್ಬಿಯೊಳಗೆ ಕೈಹಾಕಿ ಏನನ್ನೋ ತೆಗೆದು ನನ್ನ ಅಂಗೈಗಿಟ್ಟಳು. ಅಂಗೈಯಗಲದ ನುಣ್ಣನೆಯ ಹಸಿರು ಕಲ್ಲು. ಒಂದು ತುದಿಯಲ್ಲಿ ಕಚ್ಚು ಹಾಕಿದ ಹಾಗೆ ಒಳಕ್ಕೆ ಬಾಗಿತ್ತು.

“ಇದು ಒಡೆದಿದ್ದು ಅಕ್ಕ. ಗ್ವಾ ಶಾ ಅಂತ. ಮಕಕ್ಕೆ ಮಸಾಜ್ ಮಾಡ್ಕೊಳೋ ಕಲ್ಲು.”

ವಿಷಯ ಹೀಗಿತ್ತು. ಬೆಳಿಗ್ಗೆ ಎದ್ದಾಗ ಅವಳ ಮುಖ ಊದಿಕೊಂಡ ಹಾಗಿರುತ್ತಿತ್ತು, ದವಡೆ ಬಿಗಿಯುತ್ತಿತ್ತು. ಹೆಂಗಸರ ಸಂಘದ ಫೋಟೋದಲ್ಲಿ ತನ್ನ ಮುಖ ನೋಡಿ ಬೇಜಾರಾಗಿತ್ತು. ಫೋನಿನಲ್ಲಿ ಈ ಕಲ್ಲಿನ ವಿಡಿಯೋ ಬಂತು. ವಾರದಲ್ಲಿ ಮುಖ ಸಣ್ಣಗಾಗುತ್ತೆ, ಬೆಳ್ಳಗಾಗುತ್ತೆ ಎಂದು ಯಾರೋ ಹೇಳಿದರು. ತರಿಸಿಕೊಂಡಳು. ಭಾನುವಾರ ಎಲ್ಲರೂ ಗದ್ದೆಗೆ ಹೋದಾಗ ಕನ್ನಡಿ ಮುಂದೆ ಕೂತಳು.

“ಎಣ್ಣೆ ಅಚ್ಕೊಬೇಕು ಅಂದಿದ್ರು. ಜಿಡ್ಡು ಯಾಕೆ ಅಂತ ಒಣ ಮಕದ ಮೇಲೇ ಎಳ್ದೆ ಅಕ್ಕ. ನಾಟಿ ಮುಗ್ಸಿ ಬಂದು ಕಾಲುವೆ ಮೆಟ್ಲಲ್ಲಿ ಕೂತು ಕಲ್ಲಲ್ಲಿ ಕಾಲಿನ ಇಮ್ಮಡಿ ಕೆಸ್ರು ಉಜ್ತೀವಲ್ಲ, ಅಂಗೇ ಉಜ್ದೆ. ಕೆಂಪಗಾಯ್ತು. ರಕ್ತ ಚೆನ್ನಾಗಿ ಓಡ್ತಾ ಅದೆ ಅನ್ಕೊಂಡು ಇನ್ನೂ ಜೋರಾಗಿ ಎಳ್ದೆ. ಬೆಳಗ್ಗೆ ಎದ್ದು ನೋಡಿದ್ರೆ ಎದೆ ದಸಕ್ ಅಂತು.”

“ಮತ್ತೆ ಬಾಗ್ಲು ತಗುಲ್ತು ಅಂತ ಯಾಕಂದೆ?”

“ಮಗ್ಳು ಎಸ್ಸೆಲ್ಸಿ ಓದ್ತಾವ್ಳೆ, ಇವ್ಳಿಗೆ ಈಗ ಚೆಂದ ಬೇಕಿತ್ತಾ ಅಂತ ನಗಾಕಿಲ್ವಾ?”

ನನಗೆ ನಗು ಬರಲಿಲ್ಲ, ಸಿಟ್ಟು ಬಂತು. ಗದ್ದೆ, ಎಮ್ಮೆ, ಅಡುಗೆ, ಸಂಘ ಎಲ್ಲವನ್ನೂ ಎಳೆಯುವ ಹೆಂಗಸು ತನ್ನ ಮುಖಕ್ಕೆಂದು ಹತ್ತು ನಿಮಿಷ ಕೂತರೆ ಅದನ್ನು ಕಳ್ಳಮಾಲಿನ ಹಾಗೆ ಅಕ್ಕಿ ಡಬ್ಬಿಯಲ್ಲಿ ಬಚ್ಚಿಡಬೇಕೇ? ಆ ನಾಚಿಕೆಗೆ ಈಗ ಗಂಡನ ಮಾನ ಹೋಗುತ್ತಿತ್ತು. ಸಂಜೆಗೆ ಅಣ್ಣ ಬಂದರೆ ಸಂಸಾರವೇ ಎರಡಾಗುತ್ತಿತ್ತು.

ಈ ಕಲ್ಲಿನ ಬಗ್ಗೆ ನನಗೂ ತಿಳಿದಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಹೇಳುವುದು ನನ್ನ ಕೆಲಸವಲ್ಲ. ನಮ್ಮ ಆರೋಗ್ಯ ಕೇಂದ್ರದ ಡಾಕ್ಟರ್ ಗಗನ ಅವರಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದೆ. ಅವರು ಮೊದಲು ಕೆನ್ನೆಯ ಫೋಟೋ ತರಿಸಿಕೊಂಡು ನೋಡಿದರು.

“ಒಳಗಿನ ಸಣ್ಣ ರಕ್ತನಾಳ ಒಡೆದು ಕಂದಿದೆ ನಾಗಶ್ರೀ. ತಣ್ಣೀರಿನ ಬಟ್ಟೆ ಇಡಿ, ಉಜ್ಜಬೇಡಿ. ಹತ್ತು ಹದಿನೈದು ದಿನದಲ್ಲಿ ಹೋಗುತ್ತೆ. ಮುಖದ ಮೇಲೆ ಈ ಕಲ್ಲಾಡಿಸಿದರೆ ತಿಳಿಗೆಂಪು ಬಂದು ಬೇಗ ಹೋಗಬೇಕು. ಕಲೆ ಬಿತ್ತು ಅಂದರೆ ಒತ್ತಿದ್ದು ಜಾಸ್ತಿ ಅಂತ ಅರ್ಥ.”

“ಬೆಳ್ಳಗಾಗ್ತೀನಾ ಡಾಕ್ಟ್ರೇ?” ನಾಗಶ್ರೀ ಮೆಲ್ಲಗೆ ಕೇಳಿದಳು.

ಡಾಕ್ಟರು ನಕ್ಕರು. “ಇಲ್ಲಮ್ಮ. ಬಣ್ಣ ಬದಲಾಗಲ್ಲ, ಕೊಬ್ಬು ಕರಗಲ್ಲ. ಬಿಗಿದ ದವಡೆ ಸ್ವಲ್ಪ ಸಡಿಲ ಅನ್ನಿಸುತ್ತೆ, ಬೆಳಗಿನ ಊತ ಒಂದಷ್ಟು ಹೊತ್ತು ಇಳಿದ ಹಾಗೆ ಕಾಣುತ್ತೆ, ಮನಸ್ಸಿಗೆ ಹಾಯ್ ಅನ್ನಿಸುತ್ತೆ. ಅಷ್ಟು ಸಿಕ್ಕರೆ ಸಾಲದಾ? ಆದರೆ ಮುಖ ದಿನಾ ಊದುತ್ತೆ ಅಂದರೆ ಕಲ್ಲು ನಂಬಿ ಕೂರಬೇಡಿ. ಬಿಪಿ, ಥೈರಾಯ್ಡು, ಮೂತ್ರ ಪರೀಕ್ಷೆ ಮಾಡಿಸೋಣ. ಬುಧವಾರ ಬನ್ನಿ.”

ಹೇಗೆ ಮಾಡಬೇಕು ಎಂಬುದನ್ನೂ ಹೇಳಿದರು, ನಾನು ಪುಸ್ತಕದಲ್ಲಿ ಬರೆದುಕೊಂಡೆ. ಬರೆದು ಮುಗಿಯುವಷ್ಟರಲ್ಲಿ ಹೊರಗೆ ಬೈಕ್ ನಿಂತ ಸದ್ದಾಯಿತು. ಸಂಜೆಗೆ ಬರಬೇಕಾದ ಯತೀಶ್ ಮೂರು ಗಂಟೆಗೇ ಬಂದುಬಿಟ್ಟಿದ್ದ.

ನಾನು ಹೊರಗೆ ಬರುವಷ್ಟರಲ್ಲಿ ಅವನು ಅಂಬರೀಶನ ಕಾಲರು ಹಿಡಿದಾಗಿತ್ತು. “ಏನ್ಲಾ, ನಮ್ಮನೆ ಎಣ್ಣುಮಗ ಅಂದ್ರೆ ಯಾರೂ ದಿಕ್ಕಿಲ್ಲ ಅನ್ಕೊಂಡಾ?” ಎಂದು ಕೂಗುತ್ತಿದ್ದ. ಬೇಲಿಯ ಆಚೆ ಮಲ್ಲಿಗಮ್ಮನ ತಲೆ ಕಂಡಿತು. ಅಂಬರೀಶ್ ಬಿಡಿಸಿಕೊಳ್ಳಲು ಹೋಗಲಿಲ್ಲ.

ನಾಗಶ್ರೀ ತಲೆ ಮೇಲೆ ಸೆರಗು ಇಲ್ಲದೆ ಅಂಗಳಕ್ಕೆ ಬಂದಳು. “ಬುಡಣ್ಣ ಅವ್ರನ್ನ! ಅವ್ರು ಮುಟ್ಟಿಲ್ಲ. ನನ್ ಕೈಯಾರೆ ನಾನೇ ಮಾಡ್ಕೊಂಡಿದ್ದು,” ಎಂದು ಕಲ್ಲು ತೋರಿಸಿದಳು. ಎಲ್ಲವನ್ನೂ ಹೇಳಿದಳು.

ಯತೀಶ್ ಕಲ್ಲನ್ನು ತಿರುಗಿಸಿ ನೋಡಿದ. “ಇದನ್ನ ನಂಬಾಕೆ ನಾನೇನ್ ಎಳೇ ಮಗುವಾ? ಇಷ್ಟು ನುಣ್ಣಗಿರೋ ಕಲ್ಲು ಅಂಗೆಲ್ಲಾ ಕಂದಸ್ತದಾ? ಇಂಗೇ ಏಳು ಅಂತ ಇವ್ನೇ ಏಳ್ಕೊಟ್ಟವ್ನೆ.”

ಅವನ ಅನುಮಾನ ತಪ್ಪಲ್ಲ. ತಂಗಿಯ ಮಾತು ಆಗಲೇ ಒಂದು ಸಲ ಬದಲಾಗಿತ್ತು. “ಮಾತ್ಯಾಕೆ ಯತೀಶ್? ನಿನ್ ಮುಂಗೈ ಮೇಲೆ ನೀನೇ ಎಳ್ಕೊಂಡು ನೋಡು,” ಎಂದೆ. ಡಾಕ್ಟರು ಮಾಡಬೇಡಿ ಎಂದದ್ದನ್ನೇ ಮಾಡಿಸಿದೆ. ಓದುವವರು ಯಾರೂ ಇದೊಂದನ್ನು ಮಾಡಲು ಹೋಗಬೇಡಿ.

ಯತೀಶ್ ಅಂಗಿಯ ತೋಳು ಮಡಚಿ, ಕಬ್ಬು ಕಡಿಯುವ ಕೈಯಲ್ಲಿ, ಒಣ ಚರ್ಮದ ಮೇಲೆ ಹತ್ತು ಹದಿನೈದು ಸಲ ಬಲವಾಗಿ ಎಳೆದ. ಎಲ್ಲರೂ ನೋಡುತ್ತಲೇ ನಿಂತೆವು. ಮೊದಲು ಕೆಂಪಾಯಿತು. ಸ್ವಲ್ಪ ಹೊತ್ತಿಗೆ ರಾಗಿ ಕಾಳಿನಷ್ಟು ಚುಕ್ಕೆಗಳು ಎದ್ದವು. ಕಲ್ಲಿನ ಕಚ್ಚು ಇದ್ದ ಕಡೆ ಎರಡು ಗೆರೆ ಜೋಡಿಯಾಗಿ ಮೂಡಿದವು. ಅವನು ತನ್ನ ಕೈಯನ್ನು ತಂಗಿಯ ದವಡೆಯ ಪಕ್ಕ ಹಿಡಿದು ನೋಡಿದ. ಅಲ್ಲೂ ಅದೇ ಜೋಡಿ ಗೆರೆ ಇತ್ತು.

“ತಪ್ಪಾಯ್ತು ಭಾವ,” ಎಂದ ಅಂಬರೀಶನಿಗೆ. ಅಷ್ಟು ಜೋರಾಗಿ ಬಂದವನ ದನಿ ಕೇಳಿಸದಷ್ಟು ಸಣ್ಣಗಾಗಿತ್ತು.

ಅಂಬರೀಶ್ ಅವನನ್ನು ನೋಡಲಿಲ್ಲ, ಹೆಂಡತಿಯನ್ನು ನೋಡಿದ. “ಊರೋರು ಅಂದಿದ್ದು ಓಗ್ಲಿ ಬುಡು. ಬೆಳಗ್ಗೆ ನಾನೂ ಕೇಳ್ದೆ, ನಂಗೂ ಬಾಗ್ಲು ಅಂತಲೇ ಅಂದೆ. ನಾನೂ ನಗ್ತೀನಿ ಅನ್ಕೊಂಡಾ ನಾಗು?”

ನಾಗಶ್ರೀ ಒಳಗೆ ಹೋಗಿ ಅವನಿಗೆ ತಟ್ಟೆ ಹಾಕಿದಳು. ಅವನು ಮುದ್ದೆ ಮುರಿದ ಮೇಲೆ ನಮಗೆಲ್ಲ ಉಸಿರು ಬಂತು.

ಆದರೆ ಸಣ್ಣತಾಯಮ್ಮನ ಕೋಪ ಇಳಿದಿರಲಿಲ್ಲ. “ಆ ಕಲ್ಲನ್ನ ಕಾಲುವೆಗೆ ಬಿಸಾಕಿ ಬತ್ತೀನಿ ಕೊಡಿಲ್ಲಿ,” ಎಂದಳು.

“ಕಲ್ಲಿನ ತಪ್ಪಿಲ್ಲ ಕಣಮ್ಮ, ಕೈಯಿಂದು,” ಎಂದೆ. “ಚರ್ಮ ಮಡಚಬಾರ್ದು, ನೋಯಬಾರ್ದು, ಅಷ್ಟು ಹಗುರ ಇರ್ಬೇಕಂತೆ.”

“ಎಳೆ ಕೂಸಿನ ಕೆನ್ನೆ ಸವರ್ದಂಗಾ?”

“ಅಷ್ಟೇ ನೋಡಿ.”

ಅವಳ ಮುಖ ಬದಲಾಯಿತು. ತನಗೆ ಗೊತ್ತಿರುವ ಕೆಲಸ ಎಂದಾಕ್ಷಣ ಮುದುಕಿಗೆ ಹುರುಪು ಬಂತು. ಕಲ್ಲನ್ನು ಸೋಪು ಹಾಕಿ ತೊಳೆದು ಒರೆಸಿ, ಕೈ ತೊಳೆದುಕೊಂಡು, ಮೊದಲು ತನ್ನ ಮುಖದ ಮೇಲೇ ಆಡಿಸಿಕೊಳ್ಳಲು ಹೋದಳು. ನಾನು ಕೈ ಹಿಡಿದುಕೊಂಡೆ. ಅವಳಿಗೆ ಹೃದಯದ ತೊಂದರೆ ಇದೆ, ರಕ್ತ ತೆಳುವಾಗುವ ಮಾತ್ರೆ ನುಂಗುತ್ತಾಳೆ. ಅಂಥವರಿಗೆ ಬೇಗ ಕಲೆ ಬೀಳುತ್ತದೆ, ಡಾಕ್ಟರನ್ನು ಕೇಳದೆ ಮಾಡಬಾರದು. ನಾಗಶ್ರೀ ಕೆನ್ನೆಯಂತೂ ವಾಸಿಯಾಗುವ ತನಕ ಮುಟ್ಟುವ ಹಾಗಿಲ್ಲ.

“ಅಂಗಾದ್ರೆ ನೀನೇ ಕೂತ್ಕೊ ಬಾ,” ಎಂದಳು.

ಮುಖ ತೊಳೆದುಕೊಂಡು ಬಂದು ಜಗಲಿಗೆ ಒರಗಿ ಕೂತೆ. ಅವಳು ನಾಲ್ಕು ಹನಿ ಎಣ್ಣೆ ಸವರಿದಳು. ಮೊಡವೆ ಏಳುವವರು ಕೊಬ್ಬರಿ ಎಣ್ಣೆ ಬಿಟ್ಟು ಮುಖದ ಕ್ರೀಮು ಹಚ್ಚಿಕೊಳ್ಳಬೇಕು ಎಂದು ಡಾಕ್ಟರು ಹೇಳಿದ್ದರು. ನಾನು ಪುಸ್ತಕ ನೋಡಿ ಹೇಳುತ್ತಾ ಹೋದೆ, ಅವಳು ಮಾಡುತ್ತಾ ಹೋದಳು. ಕಲ್ಲನ್ನು ನೆಟ್ಟಗೆ ನಿಲ್ಲಿಸದೆ ಚರ್ಮಕ್ಕೆ ಮಲಗಿಸಿದ ಹಾಗೆ ಹಿಡಿದಳು. ಇನ್ನೊಂದು ಕೈಯಲ್ಲಿ ಚರ್ಮಕ್ಕೆ ಆಸರೆ ಕೊಟ್ಟಳು. ಗಲ್ಲದಿಂದ ಕಿವಿಯ ಕಡೆಗೆ, ಮೂಗಿನ ಪಕ್ಕದಿಂದ ಕೆನ್ನೆ ಮೇಲೆ ಹಾದು ಕಿವಿಯ ಕಡೆಗೆ, ಹಣೆಯ ನಡುವಿನಿಂದ ಕಣತಲೆಯ ಕಡೆಗೆ ಸವರಿದಳು. ಒಂದೊಂದು ಕಡೆ ನಾಲ್ಕೈದು ಸಲ, ಒಂದೇ ದಿಕ್ಕಿಗೆ. ಕಣ್ಣಿನ ಕೆಳಗೆ ತಾಕಿತೋ ಇಲ್ಲವೋ ಅನ್ನುವಷ್ಟು ಮೆತ್ತಗೆ. ಐದು ನಿಮಿಷದಲ್ಲಿ ಮುಗಿಯಿತು.

ಬಿಸಿಲಲ್ಲಿ ತಿರುಗಿ ತಿರುಗಿ ಹಲ್ಲು ಕಚ್ಚಿಕೊಂಡೇ ಇರುವ ನನ್ನ ದವಡೆ ಸಡಿಲವಾಯಿತು. ಹನ್ನೆರಡು ವರ್ಷ ಊರಿನ ಹೆಂಗಸರ ಮುಖ ನೋಡಿ ರಕ್ತ ಕಡಿಮೆ, ನಿದ್ದೆ ಕಡಿಮೆ ಎಂದು ಹೇಳಿದ್ದೇನೆ. ನನ್ನ ಮುಖವನ್ನು ಯಾರಾದರೂ ಪ್ರೀತಿಯಿಂದ ಸವರಿ ಎಷ್ಟು ವರ್ಷವಾಗಿತ್ತೋ! ಕಣ್ಣು ತುಂಬಿ ಬಂತು, ನಾಚಿಕೆ ಆಗಲಿಲ್ಲ. ಯತೀಶ್ ರಾತ್ರಿ ಊಟಕ್ಕೆ ನಾಟಿ ಕೋಳಿ ಹಿಡಿಯಲು ಹೊರಟಿದ್ದ.

ಮಾರನೆಯ ಬೆಳಿಗ್ಗೆ ನಾಗಶ್ರೀ ಅಂಬರೀಶನ ಜೊತೆ ಡೈರಿಗೆ ಬಂದಳು. ತಲೆ ಮೇಲೆ ಸೆರಗಿರಲಿಲ್ಲ. ಗೆರೆಗಳು ನಿನ್ನೆಗಿಂತ ಕಪ್ಪಾಗಿದ್ದವು. ಹಾಲು ಅಳೆಯುವವನೂ ಕೈ ನಿಲ್ಲಿಸಿ ನೋಡಿದ.

“ನೋಡ್ಕೊಳ್ಳಿ ಎಲ್ಲಾರೂವೆ,” ಎಂದಳು ಗಟ್ಟಿಯಾಗಿ. “ಚೆಂದ ಕಾಣ್ಬೇಕು ಅಂತ ಕಲ್ಲಲ್ಲಿ ಉಜ್ಕೊಂಡೆ. ಎಣ್ಣೆ ಅಚ್ಲಿಲ್ಲ, ಜೋರಾಗಿ ಎಳ್ದೆ. ನಾಚ್ಕೊಂಡು ಸುಳ್ ಏಳ್ದೆ. ನನ್ ಗಂಡ ನನ್ ಮೇಲೆ ಒಂದಿನ ಕೈ ಎತ್ತಿಲ್ಲ. ಯಾರಾದ್ರೂ ನಗಂಗಿದ್ರೆ ಈಗ್ಲೇ ನಕ್ಕುಬುಡಿ.”

ಯಾರೂ ನಗಲಿಲ್ಲ. ಮಲ್ಲಿಗಮ್ಮ ಅಂಬರೀಶನ ಕೈಯಿಂದ ಕ್ಯಾನು ಇಸಿದುಕೊಂಡು ತನ್ನ ಕ್ಯಾನಿಗಿಂತ ಮುಂದಕ್ಕೆ ಇಟ್ಟಳು. ಆಮೇಲೆ ನಾಗಶ್ರೀ ಹತ್ತಿರ ಸರಿದು, “ಅದು ಎಲ್ ಸಿಗ್ತದೆ ಕಣೇ?” ಎಂದು ಕೇಳಿದಳು.

ಅಕ್ಕತಂಗಿಯರೇ, ನಿಮ್ಮ ಮುಖ ನಿಮ್ಮದು. ವಾರಕ್ಕೆ ಎರಡು ಮೂರು ದಿನ ಐದು ನಿಮಿಷ ಅದಕ್ಕೆ ಕೊಡಿ, ಬಾಗಿಲು ತೆರೆದಿಟ್ಟುಕೊಂಡೇ ಕೊಡಿ. ಕಲ್ಲು ತೊಳೆಯಿರಿ, ಎಣ್ಣೆ ಹಚ್ಚಿ, ಕೂಸಿನ ಕೆನ್ನೆ ಎಂದುಕೊಂಡು ಸವರಿ. ಗಾಯ, ಮೊಡವೆ, ಸುಟ್ಟ ಚರ್ಮದ ಮೇಲೆ ಆಡಿಸಬೇಡಿ. ನಿಮ್ಮ ಕಲ್ಲು ನಿಮಗೇ ಇರಲಿ, ಇನ್ನೊಬ್ಬರದು ತೊಳೆಯದೆ ಮುಟ್ಟಬೇಡಿ. ಬೆಳ್ಳಗಾಗುತ್ತೀರಿ ಎಂದು ಹೇಳುವವರನ್ನು ನಂಬಬೇಡಿ. ಅನುಮಾನ ಬಂದರೆ ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ.

ಇನ್ನೊಂದು ಮಾತು, ಇದು ನನಗೂ ಸೇರಿಸಿ ಹೇಳುತ್ತಿರುವುದು. ಒಬ್ಬ ಹೆಣ್ಣುಮಗಳ ಮುಖದ ಮೇಲೆ ಕಲೆ ಕಂಡರೆ ಬೆನ್ನ ಹಿಂದೆ ತೀರ್ಪು ಕೊಡಬೇಡಿ. ಹತ್ತಿರ ಕೂತು ಅವಳನ್ನೇ ಕೇಳಿ. ಏಟು ಎಂದರೆ ಅವಳ ಕೈ ಬಿಡಬೇಡಿ. ಕಲ್ಲು ಎಂದರೆ ನಗಬೇಡಿ.