ಹಿಂದೆ ಬರುವವಳಿಗೆ ಕಾಣದ ಬ್ರೇಕು

ಮುಚ್ಚಿದ್ದು ಏನೇ ಕಂಡರೂ ಬೀಗದಣ್ಣನ ಕೈ ಸುಮ್ಮನಿರುವುದಿಲ್ಲ. ಕೀಲಿ ಕಳೆದುಕೊಂಡವರ ಬಾಗಿಲು, ಬೀರು, ಪೆಟ್ಟಿಗೆ ತೆರೆದುಕೊಟ್ಟು ಸಂಸಾರ ನಡೆಸುವವನು ಅವನು. ಹಾಗಾಗಿ ಬೆಳಿಗ್ಗೆ ಅವನದೇ ಹಳೇ ಕಾರು ಹಟ ಹಿಡಿದು ನಿಂತಾಗ ಅವನಿಗೆ ಸಿಟ್ಟಿಗಿಂತ ಹುರುಪೇ ಹೆಚ್ಚಾಯಿತು.

ಕ್ಲಚ್ ಇಲ್ಲದ ಕಾರು ಅದು. ನಿಲ್ಲಿಸಿದ ಮೇಲೆ ಗೇರಿನ ಹಿಡಿ ಅಲ್ಲೇ ಕಚ್ಚಿಕೊಳ್ಳುತ್ತದೆ. ಹೊರಡುವಾಗ ಬ್ರೇಕ್ ತುಳಿದರೆ ಒಳಗಿನ ಚಿಕ್ಕ ಬೀಗ ಟಕ್ಕೆಂದು ಬಿಟ್ಟುಕೊಟ್ಟು ಹಿಡಿ ಹಿಂದಕ್ಕೆ ಬರುತ್ತದೆ. ಅಂದು ಎಷ್ಟು ತುಳಿದರೂ ಟಕ್ಕೆನ್ನಲಿಲ್ಲ. ಗ್ಯಾರೇಜಿನವನು ಫೋನಿನಲ್ಲಿ, "ಸಂಜೆ ತಂದು ಬಿಟ್ಟು ಹೋಗಿ, ನಾಳೆ ನೋಡೋಣ," ಎಂದ.

ಸಂಜೆ ಬೀಗದಣ್ಣ ಹಿಡಿಯ ಪಕ್ಕದ ಪುಟ್ಟ ಮುಚ್ಚಳ ಎಬ್ಬಿಸಿ, ಸಣ್ಣ ಸ್ಕ್ರೂಡ್ರೈವರ್ ತೂರಿಸಿ ಅದುಮಿದ. ಹಿಡಿ ಬೆಣ್ಣೆಯ ಹಾಗೆ ಜಾರಿ ಬಂತು.

"ನೋಡಿದ್ಯಾ?" ಎಂದ ಹೆಂಡತಿಗೆ.

"ಯಾಕ್ರೀ ಹಿಡ್ಕೊಂಡಿತ್ತು?"

"ವಯಸ್ಸಾಯ್ತು, ಹಿಡ್ಕೊಳ್ತು. ನಿಮ್ಮಪ್ಪನ ಮಂಡಿ ಥರ."

ಯಾಕೆ ಎಂದು ಕೇಳುವ ಅಭ್ಯಾಸ ಅವನಿಗಿಲ್ಲ. ಬಾಗಿಲು ತೆಗೆಸುವವರನ್ನು ಯಾಕೆ ಮುಚ್ಚಿತು ಅಂತ ಕೇಳುತ್ತಾ ಕೂತರೆ ಹೊಟ್ಟೆ ತುಂಬುತ್ತದೆಯೇ? ಅವಳು ತುಟಿ ಸೊಟ್ಟ ಮಾಡಿ ಹೆಲ್ಮೆಟ್ ಹಾಕಿಕೊಂಡಳು. ಕಾರನ್ನು ಬಿಟ್ಟು ಬರುವಾಗ ಗಂಡನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಬರುವ ಹೊಣೆ ಅವಳದು. ಮನೆಯಿಂದ ಮಾರ್ಕೆಟ್ಟಿಗೆ ಸ್ಕೂಟರ್ ಓಡಿಸಿ ಗೊತ್ತೇ ಹೊರತು ದೊಡ್ಡ ರಸ್ತೆಗೆ ಅವಳು ಇಳಿದವಳಲ್ಲ.

"ನಿಮ್ಮ ಬೆನ್ನಿಗೇ ಅಂಟ್ಕೊಂಡು ಬರ್ತೀನಿ. ನಿಮ್ಮ ಕೆಂಪು ಲೈಟ್ ಹತ್ತಿದ್ರೆ ನಾನು ನಿಲ್ತೀನಿ, ಆರಿದ್ರೆ ಹೊರಡ್ತೀನಿ. ನಡುವೆ ಯಾರನ್ನೂ ನುಗ್ಗೋಕೆ ಬಿಡಲ್ಲ."

ಮೊದಲ ತಿರುವಿನಲ್ಲೇ ಅವನು ನಿಧಾನಿಸಿದಾಗ ಹಿಂದೆ ಟೈರು ಕಿರುಗುಟ್ಟಿತು. ಕನ್ನಡಿಯಲ್ಲಿ ಅವಳು ಒಂದು ಕಾಲು ನೆಲಕ್ಕೂರಿ, ಕೈ ಎತ್ತಿ ಏನೋ ಬೈಯುತ್ತಿದ್ದಳು. ಗಮನವೆಲ್ಲಿಟ್ಟಿದ್ದಾಳೋ ಎಂದು ಗೊಣಗಿ ಅವನು ಮುಂದೆ ಹೋದ.

ರಸ್ತೆ ಸೇತುವೆ ಏರಿ ಆಚೆ ಉದ್ದಕ್ಕೆ ಇಳಿಯತೊಡಗಿತು. ಬಿಸಿಲು ಹೋಗಿದ್ದರೂ ಕತ್ತಲಾಗಿರಲಿಲ್ಲ, ಯಾರೂ ದೀಪ ಹಚ್ಚಿರಲಿಲ್ಲ. ಅವಳ ಹಿಂದೆಯೇ ಇಟ್ಟಿಗೆ ತುಂಬಿದ ಒಂದು ಲಾರಿ ಸೇರಿಕೊಂಡಿತ್ತು. ಬೀಗದಣ್ಣನ ತಲೆ ಮಾತ್ರ ಇನ್ನೂ ಆ ಪುಟ್ಟ ಬೀಗದ ಸುತ್ತಲೇ ಗಿರಕಿ ಹೊಡೆಯುತ್ತಿತ್ತು. ಮುರಿದ ಬೀಗ ಅಷ್ಟು ನಯವಾಗಿ ಬರುವುದಿಲ್ಲವಲ್ಲ. ಅದು ಗಟ್ಟಿಮುಟ್ಟಾಗಿಯೇ ಇದೆ. ಹಾಗಾದರೆ ಕೀಲಿ ತಲುಪಿಲ್ಲ. ಕೀಲಿ ಅಂದರೆ ಬ್ರೇಕು. ತುಳಿದದ್ದು ಅದಕ್ಕೆ ಗೊತ್ತೇ ಆಗಿಲ್ಲ. ತುಳಿದ ಸುದ್ದಿ ಅದಕ್ಕೆ ಮುಟ್ಟಿಲ್ಲವೆಂದರೆ, ಇನ್ನಾರಿಗೆ ಮುಟ್ಟಿಲ್ಲ?

ಹಿಂದಿನ ಕೆಂಪು ದೀಪಕ್ಕೂ ಸುದ್ದಿ ಹೋಗುವುದು ಬ್ರೇಕಿನ ಬುಡದ ಅದೇ ಸ್ವಿಚ್ಚಿನಿಂದ. ತಿರುವಿನಲ್ಲಿ ಅವಳ ಗಮನ ತಪ್ಪಿರಲಿಲ್ಲ. ಬ್ರೇಕ್ ದೀಪವೇ ಹತ್ತಿರಲಿಲ್ಲ.

ಇಳಿಜಾರಿನ ಕೊನೆಯಲ್ಲಿ ವಾಹನಗಳು ಸಾಲುಗಟ್ಟಿ ನಿಂತಿದ್ದವು. ಅವನು ನಿಲ್ಲಲೇಬೇಕು. ಅವನು ನಿಂತರೆ ಅವಳು ಬಂದು ಬಡಿಯುತ್ತಾಳೆ, ಅವಳ ಮೇಲೆ ಲಾರಿ. ಎರಡು ಕಡೆಯೂ ಸೇತುವೆಯ ಗೋಡೆ.

ಹಾರ್ನ್ ಒತ್ತಿದ. ಅವಳೂ ಒತ್ತಿದಳು, ಅವಸರ ಮಾಡುತ್ತಿದ್ದಾನೆಂದುಕೊಂಡು ಇನ್ನಷ್ಟು ಹತ್ತಿರ ಬಂದಳು. ನಾಲ್ಕೂ ಕಡೆ ಮಿಣುಕುವ ದೀಪದ ಗುಂಡಿ ಕಿತ್ತುಹೋಗಿ ವರ್ಷಗಳಾಗಿದ್ದವು, ಆ ಜಾಗದಲ್ಲೊಂದು ತೂತು. ಕಿಟಕಿಯಿಂದ ಕೈ ಹೊರಗೆ ಹಾಕಿ ಬೀಸಿದ. ಮುಂದೆ ಹೋಗು ಅಂತಿದ್ದಾನೆಂದು ಅವಳು ಬದಿಗೆ ಬಂದಳು. ಎದುರಿನಿಂದ ಬಸ್ಸೊಂದು ಏರಿ ಬರುತ್ತಿತ್ತು. ಕೈ ಒಳಕ್ಕೆಳೆದುಕೊಂಡ. ಅವಳು ಮತ್ತೆ ಹಿಂದಕ್ಕೆ ಸರಿದಳು. ಕಾಲು ಬ್ರೇಕಿನ ಮೇಲಿತ್ತು, ತುಳಿಯುವ ಧೈರ್ಯವಿಲ್ಲ.

ಕೆಂಪು ಬೇಕು ಅವಳಿಗೆ. ಕೆಂಪು ಬಿಟ್ಟು ಬೇರೇನೂ ಅವಳು ನೋಡುವುದಿಲ್ಲ.

ರಾತ್ರಿ ದೀಪದ ಗುಂಡಿಗೆ ಅವನ ಕೈ ಹೋಯಿತು. ಅದನ್ನು ತಿರುಗಿಸಿದರೆ ಮುಂದಿನ ದೀಪದ ಜೊತೆ ಹಿಂದೆಯೂ ಕೆಂಪು ಹತ್ತುತ್ತದೆ. ಮಂಕು, ಆದರೂ ಕೆಂಪು. ತಿರುಗಿಸಿದ. ಕನ್ನಡಿಯಲ್ಲಿ ಸ್ಕೂಟರು ತುಸು ಹಿಂದೆ ಬಿತ್ತು. ಅವನು ಮೆತ್ತಗೆ ಬ್ರೇಕ್ ಒತ್ತಿದ. ಇನ್ನಷ್ಟು ಹಿಂದೆ ಬಿತ್ತು. ಅವಳ ಬ್ರೇಕ್ ದೀಪ ಕಂಡು ಲಾರಿಯೂ ನಿಧಾನಿಸಿತು. ಸಾಲಿನ ಕೊನೆಯ ಗಾಡಿಯ ಹಿಂದೆ ಅವನು ಹಗೂರಕ್ಕೆ ನಿಂತ. ಅವಳೂ ನಿಂತಳು.

ಸಾಲು ಕದಲಿದ ಮೇಲೆ ತೆವಳಿಕೊಂಡು ಹೋಗಿ ರಸ್ತೆಯ ಬದಿಯ ಖಾಲಿ ಜಾಗದಲ್ಲಿ ಕಾರು ನಿಲ್ಲಿಸಿದ. ಹಿಡಿ ಮತ್ತೆ ಕಚ್ಚಿಕೊಂಡಿತು. ಅವಳು ಕಿಟಕಿಯ ಹತ್ತಿರ ಬಂದು ಹೆಲ್ಮೆಟ್ ತೆಗೆದಳು.

"ಅದೇನ್ರೀ, ಹಾರ್ನ್ ಹೊಡಿಯೋದು, ಕೈ ಬೀಸೋದು? ಆದ್ರೆ ಕೊನೇಲಿ ಬ್ರೇಕ್ ಮಾತ್ರ ಚೆನ್ನಾಗಿ ಹಾಕಿದ್ರಿ. ಲೈಟ್ ಹತ್ತಿದ್ದು ನೋಡ್ತಿದ್ದ ಹಾಗೇ ನಾನೂ ಹಾಕ್ದೆ. ಇಲ್ಯಾಕೆ ನಿಂತ್ರಿ? ಸ್ಕ್ರೂಡ್ರೈವರ್ ಹಾಕಿ ತೆಗೀರಿ, ಗ್ಯಾರೇಜ್ ಇಲ್ಲೇ ಇದೆ."

"ಬೇಡ. ಈ ಬೀಗ ನಾನು ತೆಗೆಯಲ್ಲ."

ಅವನ ಬಾಯಿಂದ ಇಂಥ ಮಾತು ಅವಳು ಕೇಳಿದ್ದೇ ಇಲ್ಲ. ಬಗ್ಗಿ ಅವನ ಮುಖ ನೋಡಿದಳು.

ಸುಮ್ಮನಿದ್ದುಬಿಡಬಹುದಿತ್ತು. ಅವಳ ಪಾಲಿಗೆ ಏನೂ ಆಗಿರಲಿಲ್ಲವಲ್ಲ. ಆದರೆ ಅವನಿಂದ ಆಗಲಿಲ್ಲ.

"ಅದು ಬ್ರೇಕ್ ಲೈಟಲ್ಲ ಕಣೇ. ಬ್ರೇಕಿನ ಸ್ವಿಚ್ ಬೆಳಿಗ್ಗೇನೇ ಸತ್ತುಹೋಗಿದೆ, ಲೈಟೂ ಹತ್ತಲ್ಲ. ಅದಕ್ಕೇ ಗೇರು ಹಿಡ್ಕೊಂಡಿತ್ತು, ಹೊರಡಬೇಡ ಅಂತ. ನಾನು ಬಿಡಿಸಿದೆ. ಸೇತುವೆ ಮೇಲೆ ತಲೆಗೆ ಹೊಳೀತು. ನೀನು ನೋಡಿದ್ದು ರಾತ್ರಿ ದೀಪ, ಹೇಗೋ ಹಚ್ಚಿದೆ."

ಅವಳು ತಿರುಗಿ ಲಾರಿ ಹೋದ ದಿಕ್ಕನ್ನು ನೋಡಿದಳು. ಕಾರಿನ ಬಾಗಿಲು ಹಿಡಿದುಕೊಂಡಳು.

"ನಾನು ರಸ್ತೆ ನೋಡ್ತಾನೇ ಇರ್ಲಿಲ್ಲ," ಎಂದಳು. "ಉದ್ದಕ್ಕೂ ನಿಮ್ಮನ್ನೇ ನೋಡ್ತಿದ್ದೆ."

ಬೀಗದಣ್ಣ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡು ಅತ್ತ. ಅವಳು ಅವನ ಜೇಬಿನಿಂದ ಫೋನ್ ತೆಗೆದು, ಕಾರನ್ನು ಎಳೆದುಕೊಂಡು ಹೋಗಲು ಬನ್ನಿ ಎಂದು ಗ್ಯಾರೇಜಿಗೆ ಹೇಳಿದಳು.