ಗೋಡೆಯ ಗೀರಿಗೆ ಇಳಿದ ಕಾರು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅಪ್ಪ ಹೇಳುತ್ತಿದ್ದರು. "ಅಕ್ಕಾ, ಅಪ್ಪನ ಕಾರನ್ನ ಸ್ವಲ್ಪ ತಗ್ಗಿಸೋಣ ಅಂತಿದ್ದೀನಿ, ಗಿಡ್ಡ ಸ್ಪ್ರಿಂಗ್ ಸಿಗುತ್ತೆ," ಎಂದು ತಮ್ಮ ಹಲ್ಲುಬಿಟ್ಟಾಗ ಅದು ಮೂಗನ್ನೂ ದಾಟಿ ಬಂತು.

"ನಿನ್ನ ಶೋಕಿಗೆ ಅಮ್ಮನ ಸೊಂಟ ಬಲಿಯಾ? ಈಗಲೇ ಕಾರು ಹತ್ತಲ್ಲ ಅಂತಾಳೆ. ನೆಲಕ್ಕೆ ತಾಗಿಸಿಬಿಟ್ಟರೆ ಮುಗೀತು ಕಥೆ!"

ಅಮ್ಮ ಆ ಕಾರಿನ ಹಿಂದಿನ ಸೀಟಿನಲ್ಲಿ ಕೂತರೆ ನಮ್ಮ ಬೀದಿ ದಾಟುವಷ್ಟರಲ್ಲಿ ನಿದ್ದೆ ಹೋಗುತ್ತಿದ್ದಳು. ಅಪ್ಪ ಹೋದಮೇಲೆ ಅದೇ ಕಾರು ಅವಳನ್ನು ಎತ್ತೆತ್ತಿ ಹಾಕತೊಡಗಿತು. "ಇನ್ನು ನನ್ನ ಕರೀಬೇಡ್ರಪ್ಪ," ಎಂದು ಕೈ ಮುಗಿದುಬಿಟ್ಟಳು. ಬಸ್ಸು ಅವಳಿಗೆ ಮೊದಲೇ ಆಗದು. ಹೀಗಾಗಿ ಊರಿನ ಆಚೆ ತುದಿಯ ನನ್ನ ಮನೆಗೆ ಬರುವುದೇ ನಿಂತುಹೋಗಿತ್ತು. ನಾನು ತಮ್ಮನ ಡ್ರೈವಿಂಗನ್ನು ಬೈಯುತ್ತಿದ್ದೆ. ಅವನು ಸ್ಪ್ರಿಂಗಿನ ಮೇಲೆ ತಪ್ಪು ಹಾಕಿದರೆ, "ಕುಣಿಯಲಾರದವನು ನೆಲ ಡೊಂಕು ಅಂದನಂತೆ," ಎಂದು ಬಾಯಿ ಮುಚ್ಚಿಸುತ್ತಿದ್ದೆ.

ಈ ಸಲ ಅವನು ಬಾಯಿ ಮುಚ್ಚಲಿಲ್ಲ. "ಅಪ್ಪ ಡಿಕ್ಕಿಯಲ್ಲಿ ಏನು ಹೊರ್ತಿದ್ರು, ಹೇಳು?"

ಅಪ್ಪ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದರು. ಟೈಲರ್ ಅಂಗಡಿಗಳಿಂದ ತಂದ ಕಬ್ಬಿಣದ ಯಂತ್ರಗಳು, ಮೋಟರುಗಳು, ಸಾಮಾನಿನ ಪೆಟ್ಟಿಗೆ, ಎಲ್ಲವೂ ಡಿಕ್ಕಿಯಲ್ಲಿ. ಇಡೀ ಕಾರಿಗೆ ಯಂತ್ರದ ಎಣ್ಣೆಯ ವಾಸನೆ. ಆ ವಾಸನೆ ಬೇಕು ಅಂತಲೇ ನಾನು ಚಿಕ್ಕವಳಿದ್ದಾಗ ಕಿಟಕಿ ಏರಿಸಿ ಕೂರುತ್ತಿದ್ದೆ.

"ಅಷ್ಟು ಭಾರಕ್ಕೆ ಅಂತಲೇ ಹಿಂದೆ ಗಟ್ಟಿ ಸ್ಪ್ರಿಂಗ್ ಹಾಕಿಸಿದ್ರು. ನಾವು ಸಾಮಾನೆಲ್ಲ ಕೊಟ್ಟುಬಿಟ್ವಿ, ಸ್ಪ್ರಿಂಗ್ ಹಾಗೇ ಉಳೀತು. ಹೊರೋಕೆ ಏನೂ ಇಲ್ಲದೆ ಒದೀತಿದೆ, ಅಷ್ಟೇ."

ಅವನ ಮಾತು ಸರಿಯೆನಿಸಿತು. ಆದರೂ ಸುಮ್ಮನೆ ಸೋಲುವ ಜಾಯಮಾನ ನನ್ನದಲ್ಲ, ಅವನ ಜೊತೆ ಗ್ಯಾರೇಜಿಗೆ ಹೊರಟೆ.

ಗ್ಯಾರೇಜಿನವರು ಮೇಜಿನ ಮೇಲೆ ಎರಡು ಸ್ಪ್ರಿಂಗ್ ಇಟ್ಟರು. ಒಂದು ತೀರಾ ಗಿಡ್ಡ. ತಮ್ಮನ ಕಣ್ಣು ಅಲ್ಲೇ ನೆಟ್ಟಿತು.

"ಇದು ನೋಡೋಕೆ ಚೆನ್ನ," ಎಂದರು ಅವರು. "ಆದ್ರೆ ಇಷ್ಟು ಗಿಡ್ಡ ಇದ್ದರೆ ಗಟ್ಟಿ ಇರಲೇಬೇಕು, ಇಲ್ಲಾಂದ್ರೆ ಗುಂಡಿ ಬಂದಾಗ ತಳ ಬಡಿಯುತ್ತೆ. ಈ ಇನ್ನೊಂದರಲ್ಲಿ ಸುತ್ತು ಒಂದು ಕಡೆ ಒತ್ತಾಗಿದೆ, ಒಂದು ಕಡೆ ಬಿಡಿಬಿಡಿಯಾಗಿದೆ. ಸಣ್ಣ ಕುಲುಕಾಟಕ್ಕೆ ಮೆತ್ತಗೆ, ದೊಡ್ಡ ಗುಂಡಿಗೆ ಗಟ್ಟಿ. ಆದ್ರೆ ಕಾರು ಜಾಸ್ತಿ ಇಳಿಯಲ್ಲ. ನಿಮಗೆ ಎಷ್ಟು ಇಳೀಬೇಕು?"

ತಮ್ಮ ನಾಲ್ಕು ಬೆರಳು ತೋರಿಸಿದ. ನಾನು ಒಂದು. ಅಲ್ಲೇ ಕಚ್ಚಾಡಿದೆವು. "ಮೊದಲು ಮನೆಯಲ್ಲಿ ತೀರ್ಮಾನ ಮಾಡ್ಕೊಂಡು ಬನ್ನಿ," ಎಂದು ಅವರು ಕೈ ಒರೆಸಿಕೊಂಡರು.

ಮನೆಯಲ್ಲಿ ಅಮ್ಮ ನಮ್ಮಿಬ್ಬರ ವಾದವನ್ನೂ ಕೇಳಿಸಿಕೊಂಡಳು. "ಜುಟ್ಟು ಹಿಡ್ಕೊಂಡು ಜಗಳ ಆಡೋ ವಯಸ್ಸಾ ನಿಮ್ಮದು?" ಎನ್ನುತ್ತಾ ಚಪ್ಪಲಿ ಮೆಟ್ಟಿ ಕಾರಿನ ಶೆಡ್ಡಿಗೆ ನಡೆದಳು. ಹಿಂದಿನ ಗೋಡೆಯ ಸುಣ್ಣದ ಮೇಲೆ ಒಂದು ಉದ್ದನೆಯ ಕರಿ ಗೀರು. ಅಪ್ಪ ರಿವರ್ಸ್ ಬರುವಾಗ ಬಂಪರು ಗೋಡೆಗೆ ತಾಗಿದ ಮೇಲೇ ಬ್ರೇಕು ಒತ್ತುತ್ತಿದ್ದರು. ಅಮ್ಮ ಎಷ್ಟು ಬೈದರೂ ಆ ಅಭ್ಯಾಸ ಬಿಡಲಿಲ್ಲ. ಈಗ ಬಂಪರು ಆ ಗೀರಿಗಿಂತ ಎರಡು ಬೆರಳು ಮೇಲೆ ನಿಂತಿತ್ತು.

"ಅವರಿದ್ದಾಗ ಇಷ್ಟೇ ಎತ್ತರ ಇತ್ತು. ಇಲ್ಲಿಗೆ ಇಳಿಸಿ," ಎಂದಳು ಗೀರನ್ನು ಸವರುತ್ತಾ.

ತಮ್ಮ ಒಂದೇ ಒಂದು ಸಲ ನಿಟ್ಟುಸಿರು ಬಿಟ್ಟ. ಮರುದಿನ ಆ ಎರಡನೆಯ ಸ್ಪ್ರಿಂಗನ್ನೇ ಹಾಕಿಸಿದ, ಅದಕ್ಕೆ ಹೊಂದುವ ಶಾಕ್ ಅಬ್ಸಾರ್ಬರುಗಳ ಸಮೇತ. ಬಂಪರು ಗೀರಿನ ಮಟ್ಟಕ್ಕೇ ಇಳಿಯಿತು.

ಭಾನುವಾರ ಅಮ್ಮನನ್ನು ಬೇಡಿಕೊಂಡು ಹತ್ತಿಸಿದೆವು. "ಸೊಂಟ ಹಿಡೀತೋ, ಇದೇ ಕೊನೆ," ಎಂದೇ ಹತ್ತಿದಳು. ನಾನು ಪಕ್ಕದಲ್ಲಿ ಕೂತೆ. ಬೀದಿ ದಾಟುವಷ್ಟರಲ್ಲಿ ಅವಳ ತಲೆ ನನ್ನ ಭುಜಕ್ಕೆ ವಾಲಿತು. ತಮ್ಮ ಕನ್ನಡಿಯಲ್ಲಿ ನೋಡಿ ಹುಬ್ಬು ಹಾರಿಸಿದ. ಗೆದ್ದೆ ಅಂತ ಮೆರೀತಾನೆ, ಕೋತಿ! ನಾನು ಮೂತಿ ತಿರುವಿದೆ.

ತಿರುವಿನಲ್ಲಿ ಕಾರು ಸ್ವಲ್ಪ ವಾಲಿದಾಗ ಅಮ್ಮ ಕಣ್ಣು ಬಿಡದೆ ಗೊಣಗಿದಳು. "ಮುಂದೆ ಹಂಪ್ ಇದೆ, ನಿಧಾನ ರೀ."

ಜೀವಮಾನವಿಡೀ ಅದೇ ತಿರುವಿನಲ್ಲಿ ನಿದ್ದೆಗಣ್ಣಲ್ಲೇ ಅಪ್ಪನಿಗೆ ಹೇಳುತ್ತಿದ್ದ ಮಾತು. ಅಪ್ಪ ಹೋದಮೇಲೆ ಅದನ್ನು ನಾವ್ಯಾರೂ ಕೇಳಿರಲಿಲ್ಲ. ನನಗೆ ಅಳು ಉಕ್ಕಿ ಬಂತು. ಭುಜ ಅಲುಗಬಾರದೆಂದು ಸೆರಗು ಕಚ್ಚಿ ಹಿಡಿದೆ.

ತಮ್ಮ ವೇಗ ತಗ್ಗಿಸಿ, "ಆಯ್ತು, ಆಯ್ತು," ಎಂದ. ಥೇಟ್ ಅಪ್ಪನ ಹಾಗೆ.

ಕಾರು ಹಂಪ್ ಹತ್ತಿ ಇಳಿಯಿತು. ಅಮ್ಮನಿಗೆ ಎಚ್ಚರವಾಗಲಿಲ್ಲ.