ಹುಳುಮನೆಯ ಹೊಸ್ತಿಲು

ಐವತ್ತೆಂಟನೇ ಇಸವಿಯ ಮಳೆಗಾಲದಲ್ಲಿ ಆದಿಲಕ್ಷ್ಮಮ್ಮನ ರೇಷ್ಮೆಹುಳು ಸತ್ತದ್ದು ಒದ್ದೆ ಸೊಪ್ಪಿನಿಂದ. ಅದು ಅವಳಿಗೊಬ್ಬಳಿಗೇ ಗೊತ್ತಿತ್ತು. ಸೋನೆಯಲ್ಲಿ ಕೊಯ್ದ ಹಿಪ್ಪುನೇರಳೆ ಸೊಪ್ಪನ್ನ ಆರಲು ಬಿಡದೆ, ಸೊಂಟ ನೋವು ಅಂತ ಹಾಗೇ ಹುಳುವಿನ ತಟ್ಟೆಗಳ ಮೇಲೆ ಉದುರಿಸಿದ್ದಳು. ಇನ್ನೇನು ಗೂಡು ಕಟ್ಟಬೇಕು ಅನ್ನೋ ಹುಳುಗಳು ಊದಿಕೊಂಡು, ಮೈಯೊಡೆದು, ಹಾಲಿನಂಥ ನೀರು ಸೋರಿಸಿ ಸತ್ತವು. ಶಿಡ್ಲಘಟ್ಟದ ಸೀಮೆಯಲ್ಲಿ ಹುಳು ಹೋದರೆ ಜನ ಕೇಳೋದು ಒಂದೇ ಮಾತು: ಹುಳುಮನೆಗೆ ಯಾರು ಕಾಲಿಟ್ಟರು?

ಪಕ್ಕದ ಮನೆ ಗಂಗುಲಮ್ಮ ಬಾಗಿಲಲ್ಲೇ ನಿಂತು ಕೇಳಿಬಿಟ್ಟಳು. "ಏಮ್ಮಾ ಲಕ್ಷ್ಮಮ್ಮ, ನಿನ್ನ ಮೈದುನ ಏನಾದ್ರೂ ಒಳಗೆ ಬಂದಿದ್ನಾ?"

ಮೈದುನ ನಲ್ಲಪ್ಪ ಬೆಂಗಳೂರಿನ ಕ್ಷಯದ ಆಸ್ಪತ್ರೆಯಿಂದ ಆಗಷ್ಟೇ ಬಂದಿದ್ದ. ಸೋಂಕು ಹೋಗಿದೆ, ಮಾತ್ರೆ ಮಾತ್ರ ತಪ್ಪಿಸಬೇಡಿ ಅಂತ ಹೇಳಿ ಕಳಿಸಿದ್ದರು. ಆದರೂ ಊರಿನ ಬಾಯಿಗೆ ಹೆದರಿ ಅವನನ್ನ ಕೊಟ್ಟಿಗೆ ಪಕ್ಕದ ಕೋಣೆಯಲ್ಲಿ ಇಟ್ಟಿದ್ದರು. ಎಳೆ ಹುಳು ಸಾಕೋದರಲ್ಲಿ ಮೊದಲು ಅವನನ್ನ ಮೀರಿಸೋರಿರಲಿಲ್ಲ. ಬಂದ ಮೇಲೆ ಹುಳುಮನೆ ಹೊಸ್ತಿಲು ತುಳಿದವನೇ ಅಲ್ಲ, ಪಾಪ.

"ಬಂದಿದ್ದ ಅಂತ ಕಾಣುತ್ತೆ," ಅಂದಳು ಆದಿಲಕ್ಷ್ಮಮ್ಮ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗಾಯಿತು. ನಲ್ಲಪ್ಪ ಬಚ್ಚಲ ಗೋಡೆ ಪಕ್ಕ ತಂಬಿಗೆ ಹಿಡಿದು ನಿಂತಿದ್ದ, ಕೇಳಿಸಿಕೊಂಡ. ಜಗಳಕ್ಕೆ ಬಂದಿದ್ದರೆ ಅವಳೂ ನಾಲ್ಕು ಮಾತು ಅಂದು ಹಗುರಾಗುತ್ತಿದ್ದಳು. ಅವನು ತಲೆ ತಗ್ಗಿಸಿಕೊಂಡು ಕೋಣೆಗೆ ಹೋದ.

ಅಂದಿನಿಂದ ಅವನಿಗಿಟ್ಟ ಮುದ್ದೆ ಹೇಗೆ ಹೋಯಿತೋ ಹಾಗೇ ವಾಪಸ್ ಬರತೊಡಗಿತು. ಗೋಡೆ ಕಡೆ ತಿರುಗಿ ಮಲಗಿದವನು ಕರೆದರೆ "ಹೂಂ" ಅನ್ನುತ್ತಿದ್ದ, ಅಷ್ಟೇ. ಅವಳ ಗಂಡ ಮುನಿಶಾಮಪ್ಪ, "ಆಸ್ಪತ್ರೇಲಿ ಕೂತು ತಿಂದು ಮೈಗಳ್ಳ ಆಗವ್ನೆ" ಅಂತ ತಮ್ಮನನ್ನ ಬೈದ. ನಲ್ಲಪ್ಪನಿಗೆ ಕೆಮ್ಮು ತಿರುಗಿ ಶುರುವಾಯಿತು, ಸಂಜೆ ಸಂಜೆ ಜ್ವರ ಬಂತು.

ಗಾಡಿ ಕಟ್ಟಿ ಶಿಡ್ಲಘಟ್ಟದ ಡಾಕ್ಟರ ಹತ್ತಿರ ಕರೆದೊಯ್ದರು. ಅವರು ಎದೆ ನೋಡಿ, ನಲ್ಲಪ್ಪನನ್ನ ಹೊರಗೆ ಕೂರಿಸಿ ಬಂದು ಕೇಳಿದರು. "ಮಾತ್ರೆ ನುಂಗ್ತಾ ಇಲ್ವಂತೆ. ಯಾಕಪ್ಪ ಅಂದ್ರೆ, ನಾನಿದ್ದು ಏನಾಗ್ಬೇಕು ಅಂತಾನೆ. ಮನೇಲಿ ಏನಮ್ಮ ನಡೀತು?"

ಮುನಿಶಾಮಪ್ಪ ಹೆಂಡತಿಯ ಮುಖ ನೋಡಿದ, ಅವಳು ಸೆರಗು ಸರಿಮಾಡಿಕೊಂಡಳು.

"ಅವನ ಮನಸ್ಸು ಕುಸಿದಿದೆ. ಅದೂ ಕಾಯಿಲೆನೇ, ಸೋಮಾರಿತನ ಅಲ್ಲ. ಅಂಥೋರು ಉಣ್ಣಲ್ಲ, ಮದ್ದು ತಗೊಳ್ಳಲ್ಲ, ಹೋಗ್ತಿದ್ದ ಕ್ಷಯ ತಿರುಗಿ ಬರುತ್ತೆ. ಹಿಂಗೇ ಬಿಟ್ರೆ ಹುಡುಗ ಉಳಿಯಲ್ಲ."

ಆದಿಲಕ್ಷ್ಮಮ್ಮನಿಗೆ ನೆಲ ಬಾಯಿಬಿಟ್ಟರೆ ಇಳಿದುಹೋಗೋಣ ಅನ್ನಿಸಿತು. ಥೂ, ಎಂಥ ಹೆಂಗಸು ನಾನು! ಗಂಗುಲಮ್ಮನ ಒಂದು ಮಾತಿಗೆ ಹೆದರಿ, ಎತ್ತಿ ಆಡಿಸಿದ ಹುಡುಗನ್ನ ಕೊಲ್ತಾ ಇದೀನಲ್ಲ. ದಾರಿಯುದ್ದಕ್ಕೂ ಹೇಳಿಬಿಡೋಣ ಅಂದುಕೊಂಡಳು, ನಾಲಿಗೆ ಏಳಲಿಲ್ಲ.

ಹೊಸ ಮೊಟ್ಟೆ ಒಡೆದು ಇರುವೆಯಷ್ಟು ಹುಳು ಹೊರಬಂದ ಬೆಳಗ್ಗೆ ಅವನ ಕೋಣೆಗೆ ಹೋದಳು. "ನಲ್ಲಪ್ಪ, ಏಳಪ್ಪ. ಹುಳುಮನೆಗೆ ಬಾ."

"ಬ್ಯಾಡ ಅತ್ತಿಗಮ್ಮ. ನಾನು ಬಂದ್ರೆ ಹುಳು ಸತ್ತೋಗ್ತಾವೆ."

ಅವಳು ಸರಸರ ಹೋಗಿ ಹುಳುವಿನ ತಟ್ಟೆಯನ್ನೇ ಸೊಪ್ಪು, ಕತ್ತಿ ಸಮೇತ ಎತ್ತಿಕೊಂಡು ಅಂಗಳ ದಾಟಿದಳು. ಗಂಗುಲಮ್ಮ ನೋಡಿ ಕೂಗಿಕೊಂಡಳು. "ಅಯ್ಯೋ, ಹುಚ್ಚು ಹಿಡೀತೇನೇ ನಿಂಗೆ? ಅವನ ಹತ್ರ ಒಯ್ದ್ರೆ ಹುಳು ಉಳಿಯಲ್ಲ ಕಣೇ!"

"ಸತ್ರೆ ಸಾಯ್ಲಿ ಹುಳು!" ಅಂದವಳೇ ತಟ್ಟೆಯನ್ನ ಅವನ ಮಂಚದ ಮೇಲಿಟ್ಟಳು.

ನಲ್ಲಪ್ಪ ಎದ್ದು ಕೂತು ತಟ್ಟೆಯೊಳಗೆ ಬಗ್ಗಿ ನೋಡಿದ. ಬೆರಳಲ್ಲಿ ಸೊಪ್ಪು ಮುಟ್ಟಿ, "ಇಷ್ಟು ಎಳೆ ಹುಳುವಿಗೆ ದಪ್ಪ ಹೆಚ್ಚಿದ್ದೀಯ," ಅಂದ. ಆಮೇಲೆ ಮೆಲ್ಲಗೆ ಕೇಳಿದ. "ಹೋದ ಸಲ ನಾನು ಒಳಗೆ ಬಂದಿರ್ಲಿಲ್ಲ, ಅಲ್ವಾ ಅತ್ತಿಗಮ್ಮ? ನಿದ್ದೆಗಣ್ಣಲ್ಲಿ ಏನಾದ್ರೂ ಬಂದಿದ್ನೇನೋ ಅಂತ ಯೋಚ್ನೆ ಮಾಡ್ತಾನೇ ಇದೀನಿ."

ಬಾಗಿಲಲ್ಲಿ ಗಂಗುಲಮ್ಮ ನಿಂತಿದ್ದಳು, ಅವಳ ಹಿಂದೆ ಮುನಿಶಾಮಪ್ಪನೂ ಬಂದಿದ್ದ. ಕೇಳಲಿ ಅಂತಲೇ ಆದಿಲಕ್ಷ್ಮಮ್ಮ ಗಟ್ಟಿಯಾಗಿ ಅಂದಳು. "ಬಂದಿರ್ಲಿಲ್ಲ ಕಣಪ್ಪ. ಒದ್ದೆ ಸೊಪ್ಪು ಹಾಕಿ ಕೊಂದೋಳು ನಾನು. ನಿನ್ನ ತಲೆಗೆ ಕಟ್ದೋಳೂ ನಾನೇ."

ನಲ್ಲಪ್ಪ ಸೊಪ್ಪು ಹೆಚ್ಚುವ ಕತ್ತಿಗೆ ಕೈ ಚಾಚಿದ. "ಮೊದ್ಲು ಗಂಜಿ ಕುಡಿ, ಮಾತ್ರೆ ನುಂಗು," ಅಂತ ಅವಳು ಗಂಜಿ ತಂದುಕೊಟ್ಟಳು. ಕುಡಿದ, ಮಾತ್ರೆಯನ್ನೂ ನುಂಗಿದ. ಲೋಟ ಈಸಿಕೊಳ್ಳುವಾಗ ಅವನ ಮುಖ ನೋಡಲು ಅವಳಿಂದ ಆಗಲಿಲ್ಲ.